ಎಣ್ಣೆ ಕಾಣದ ಕೈ

ಕಲ್ಯಾಣದುರ್ಗ
18-6-1994

ಚಿ. ಸೌ. ಗಂಗಾದೇವಿಗೆ ನಿನ್ನ ಹೆತ್ತಮ್ಮ ಆದಿಲಕ್ಷ್ಮಿಯ ಆಶೀರ್ವಾದಗಳು.

ಲೇಪಾಕ್ಷಿಯ ಮನೆ ಒಗ್ಗಿತೇ? ಅಳಿಯಂದಿರು ಆರೋಗ್ಯವೇ? ಮದುವೆಯ ಮರುದಿನವೇ ಬರೆಯಬೇಕೆಂದಿದ್ದೆ. ಹೊಸ ಸೊಸೆಗೆ ಇಂಥ ಕಾಗದ ಬಂದರೆ ಅತ್ತೆಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಒಂದು ತಿಂಗಳು ಸುಮ್ಮನಿದ್ದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೌದು, ನಿನ್ನ ಮದುವೆಗೆ ನಾನು ಬಂದಿದ್ದೆ. ಯಾರೂ ಕರೆದಿರಲಿಲ್ಲ.

ಅಮ್ಮ ನಿನ್ನನ್ನು ಬಿಟ್ಟು ಓಡಿಹೋದಳೆಂದು ಹಿಂದೂಪುರದ ಮನೆಯಲ್ಲಿ ಹೇಳಿ ಬೆಳೆಸಿದ್ದಾರೆ, ಗೊತ್ತು. ನಡೆದದ್ದು ಕೇಳು. ರೇಷ್ಮೆ ಮಗ್ಗದ ಮನೆಯಲ್ಲಿ ನೂಲು ಸುತ್ತುವುದು ಸೊಸೆಯ ಪಾಲು. ಸುತ್ತುವವಳು ಎಣ್ಣೆ, ತುಪ್ಪ, ಕಡಲೆಕಾಯಿ ತಿಂದರೆ ಅಂಗೈಯಲ್ಲಿ ಜಿಡ್ಡು ಬೆವರಿ ರೇಷ್ಮೆಗೆ ಕಲೆ ಬೀಳುತ್ತದೆಂದು ನಿನ್ನ ಅಜ್ಜಿ ಬನಶಂಕರಮ್ಮನಿಗೆ ಯಾವ ಪುಣ್ಯಾತ್ಮ ಹೇಳಿದ್ದನೋ! ಅವರೆಲ್ಲ ಮುದ್ದೆಗೆ ತುಪ್ಪ ಹಾಕಿಕೊಂಡು ಸೊಪ್ಪಿನ ಸಾರು ಉಣ್ಣುವರು. ನನಗೆ ತಂಗಳನ್ನ, ಉಪ್ಪು, ನೀರು ಮಜ್ಜಿಗೆ. ಬಾಣಂತಿಯಾದಾಗಲೂ ಅಷ್ಟೇ. ಕೇಳಿದರೆ, “ಸುತ್ತೋ ಕೈಗೆ ಜಿಡ್ಡು ಆಗಕಿಲ್ಲ ಕಣಮ್ಮ” ಎನ್ನುವಳು.

ಇಪ್ಪತ್ತನಾಲ್ಕಕ್ಕೇ ನನ್ನ ಮುಖ ಸುಕ್ಕಾಯಿತು, ಬೆರಳು ಬಿರಿದವು. ಬಿರುಕಿಗೆ ಸಿಕ್ಕಿ ರೇಷ್ಮೆ ಎಳೆ ತುಂಡಾಗತೊಡಗಿತು. ಒಂದು ದಿನ ನಿನ್ನ ಅಜ್ಜಿ ಬೀದಿಯವರನ್ನೆಲ್ಲ ಕರೆದು ನನ್ನ ಅಂಗೈ ಮೇಲೆ ನೂಲೆಳೆದು ತೋರಿಸಿದಳು. “ನೋಡ್ರಮ್ಮಾ, ಮುದುಕಿ ಕೈ! ಇದನ್ನ ಇಟ್ಕಂಡು ನಾವೇನ್ ಮಾಡಾನ?” ನಿನ್ನ ಅಪ್ಪ ರಾಮಲಿಂಗಯ್ಯ ಮಗ್ಗದಿಂದ ತಲೆ ಎತ್ತಲಿಲ್ಲ. ಸೊಂಟದ ಮೇಲಿದ್ದ ನಿನ್ನನ್ನು ಕಿತ್ತುಕೊಂಡು ನನ್ನನ್ನು ಕಲ್ಯಾಣದುರ್ಗದ ಬಸ್ಸು ಹತ್ತಿಸಿದರು. ನಿನ್ನನ್ನು ನೋಡಲು ಬಂದಾಗಲೆಲ್ಲ ಬಾಗಿಲು ಹಾಕಿದರು. ವರ್ಷ ತುಂಬುವ ಮೊದಲೇ ನಿನ್ನ ಚಿಕ್ಕಮ್ಮ ಆ ಮನೆಗೆ ಎರಡನೇ ಸೊಸೆಯಾಗಿ ಬಂದಳು.

ಇಲ್ಲಿ ನನ್ನ ದೊಡ್ಡಮ್ಮ ಶಿವಲಕ್ಷ್ಮಮ್ಮ ನನ್ನ ಅವತಾರ ನೋಡಿ ಎದೆ ಬಡಿದುಕೊಂಡಳು. “ತಿನ್ನು ಕಣಮ್ಮ, ಅವರ ಹೊಟ್ಟೆ ಉರೀಲಿ, ತಿನ್ನು” ಎಂದು ಹುರಿದ ಕಡಲೆಕಾಯಿ, ಎಳ್ಳುಂಡೆ, ಬೆರಕೆ ಸೊಪ್ಪು, ಗಟ್ಟಿ ಮೊಸರು ಎದುರಿಗಿಟ್ಟಳು. ಹಸಿವಿಗಿಂತ ಹೆಚ್ಚಾಗಿ ಹಟಕ್ಕೆ ತಿಂದೆ. ನಿಧಾನಕ್ಕೆ ಬಿರುಕು ಮುಚ್ಚಿತು, ಮುಖಕ್ಕೆ ಕಳೆ ಬಂತು. ಈಗ ಇಲ್ಲಿಯ ಮಗ್ಗದವರಿಗೆ ರೇಷ್ಮೆ ಸುತ್ತುತ್ತೇನೆ. ಇಷ್ಟು ವರ್ಷ ಎಣ್ಣೆ ತಿಂದ ಕೈಯಿಂದ ಒಂದೇ ಒಂದು ಕಲೆ ಬಿದ್ದಿಲ್ಲ. ಈ ಮುಖವನ್ನು ಅವರ ಮುಂದೆ ಹಿಡಿಯುವ ದಿನಕ್ಕೆ ಕಾದೆ. ನಿನ್ನ ಮದುವೆಯೇ ಆ ದಿನವಾಯಿತು.

ಛತ್ರದಲ್ಲಿ ಯಾರಿಗೂ ನನ್ನ ಗುರುತು ಸಿಗಲಿಲ್ಲ. ನಿನ್ನ ಅಪ್ಪ ನನಗೇ ಕೈಮುಗಿದು “ಬರ್ರಿ, ಬರ್ರಿ” ಎಂದ! ಫೋಟೋದವನು ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತ ನಿನ್ನ ಚಿಕ್ಕಮ್ಮನಿಗೆ, “ಅವ್ವಾ, ಕೊಂಚೆಂ ವೆನಕ್ಕಿ ಪೋ” ಎಂದುಬಿಟ್ಟ. ಅಜ್ಜೀ, ಸ್ವಲ್ಪ ಹಿಂದಕ್ಕೆ ಹೋಗು ಅಂತ. ನನಗಿಂತ ಚಿಕ್ಕವಳು ಅವಳು! ನಾನು ಜೋರಾಗಿಯೇ ನಕ್ಕೆ.

ನೀನು ಒಳಗೆ ಸೀರೆ ಬದಲಿಸುತ್ತಿದ್ದಾಗ ನಿನ್ನ ಅಜ್ಜಿಯ ಕುರ್ಚಿಯ ಬಳಿ ಹೋದೆ. ನನ್ನ ಸೆರಗಿನಲ್ಲಿ ಎದ್ದಿದ್ದ ಒಂದು ರೇಷ್ಮೆ ಎಳೆಯನ್ನು ಕಿತ್ತು ಅವಳಿಗೆ ಕೊಟ್ಟು, “ಎಳೀರಿ ಅತ್ತೆ, ಅವತ್ತಿನಂಗೆ” ಎಂದು ಅಂಗೈ ಚಾಚಿದೆ. ಆಗ ಮುದುಕಿಗೆ ಗುರುತು ಹತ್ತಿತು, ಎಳೆಯನ್ನು ಮಡಿಲಿಗೆ ಬಿಟ್ಟಳು. ನಾನೇ ಎಳೆದು ತೋರಿಸಿದೆ, ಎಲ್ಲೂ ತಡೆಯದೆ ಜಾರಿಹೋಯಿತು. ನಿನ್ನ ಚಿಕ್ಕಮ್ಮನ ಕೈ ಹಿಡಿದು ಅಲ್ಲೂ ಎಳೆದೆ. ಸಿಕ್ಕಿತು, ತುಂಡಾಯಿತು. “ಇದು ನೀವು ಸಾಕಿದ ಕೈ ಕಣತ್ತೆ” ಎಂದೆ. ನಿನ್ನ ಚಿಕ್ಕಮ್ಮ ಅತ್ತಳು, ನನಗೇನೂ ಅನ್ನಿಸಲಿಲ್ಲ. ನಿನ್ನ ಅಪ್ಪ ಓಡಿಬಂದು, “ನಾಕು ಜನದ ಮುಂದೆ ಯಾಕಿಂಗೆ ಮಾನ ಕಳೀತೀಯೆ?” ಎಂದ. “ಅವತ್ತೂ ನಾಕು ಜನದ ಮುಂದೇನೇ ಅಲ್ವಾ?” ಎಂದು ಹೇಳಿ ಹೊರಟುಬಂದೆ. ಊಟ ಮಾಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂಕಟಪಟ್ಟುಕೊಂಡು ಬಂದೆ.

ನಿನ್ನ ಮಡಿಲು ತುಂಬಲಿ, ಅದಕ್ಕೂ ಮೊದಲು ನಿನ್ನ ಹೊಟ್ಟೆ ತುಂಬಲಿ. ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ
ಆದಿಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಬೆಳಿಗ್ಗೆ ಕುಂಕುಮ ಕೊಡುವಾಗ ಹಸಿರು ಸೀರೆಯವಳೊಬ್ಬಳ ಕೈ ಹಿಡಿದು, “ಅಕ್ಕಾ, ನೀವು ಹುಡುಗನ ಕಡೆಯೋರಾ? ಉಂಡ್ಕಂಡೇ ಹೋಗ್ಬೇಕು” ಎಂದೆಯಲ್ಲ, ಅದು ನಾನು. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ಬೆರಳು ನನ್ನ ಸೆರಗಿಗೆ ಸಿಕ್ಕಿಕೊಂಡು ಒಂದು ಎಳೆ ಎದ್ದುಬಂತು. ಹತ್ತೊಂಬತ್ತು ವರ್ಷದ ಬೆರಳು, ಆಗಲೇ ಬಿರಿದಿತ್ತು. ನಾನಿಲ್ಲಿ ಹಟಕ್ಕೆ ತುಪ್ಪ ತಿನ್ನುತ್ತಿದ್ದಾಗ ನಿನ್ನನ್ನೂ ನೂಲಿಗೆ ಕೂರಿಸಿದ್ದರು. ಅಜ್ಜಿಯ ಕೈಗೆ ಕೊಟ್ಟದ್ದು ಅದೇ ಎಳೆ. ಶುಕ್ರವಾರ ಲೇಪಾಕ್ಷಿಗೆ ಬುತ್ತಿ ತರುತ್ತೇನೆ. ಮನೆಗೆ ಕರೆಯಬೇಡ. ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಕಣ್ಣೆದುರು ಕೂತು ಒಂದು ಸಲ ಉಂಡುಹೋಗು.