ಸಹಿ ಮಾಡಿದ ಚೀಟಿ

ತೀರ್ಥಹಳ್ಳಿ
ಮಂಗಳವಾರ

ಸಾಗರದಲ್ಲಿ ಚರ್ಚಾಸ್ಪರ್ಧೆ ನಡೆಸಿದ ಶ್ಯಾಮಲಾ ಮೇಡಂ ಅವರಿಗೆ, ಮೇಧಾಳ ತಾಯಿ ಮಂಗಳಗೌರಿಯ ನಮಸ್ಕಾರಗಳು.

‘ಪಾಕಿಸ್ತಾನ, ಇರಾನ್, ಅಫ್ಘಾನಿಸ್ತಾನ ಸೇರಿ ಒಂದು ಒಕ್ಕೂಟವಾಗಲಿ’ ಎಂದು ಮೇಧಾ ವಾದಿಸಿದ ಇಪ್ಪತ್ತು ಸೆಕೆಂಡಿನ ವಿಡಿಯೊ ಊರೆಲ್ಲ ಹರಿದಾಡುತ್ತಿದೆ. ಅದು ಸ್ಪರ್ಧೆ ಎಂದು ತಿಳಿಯುವ ಭಾಗವನ್ನು ಕತ್ತರಿಸಿದ್ದಾರೆ. ನಿನ್ನೆ ಇಬ್ಬರು ಗೇಟಿನ ಬಳಿ ನಿಂತು, “ಒಕ್ಕೂಟದ ಅಧ್ಯಕ್ಷರು ಮನೇಲಿದಾರಾ?” ಎಂದು ನಕ್ಕರು. ಹೋಗುವಾಗ ಅವಳ ಸ್ಕೂಟರಿನ ಫೋಟೊ ತೆಗೆದುಕೊಂಡರು.

ಹೆದರಿ ನಿಮಗೆ ಫೋನ್ ಮಾಡಿದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿ ಬಂದದ್ದು, ಮಕ್ಕಳು ಸಹಿ ಮಾಡಿದ ಆ ಚೀಟಿಗಳನ್ನು ಎಲ್ಲರಿಗೂ ತೋರಿಸಿ ಎಂದು ಕೇಳಿದ್ದೆ. ಈಗ ದಯವಿಟ್ಟು ಅವನ್ನು ತೋರಿಸಬೇಡಿ.

ಮೇಧಾ ಇವತ್ತು ನಿಜ ಹೇಳಿದಳು. ಅವಳಿಗೆ ಬಂದದ್ದು ‘ವಿರೋಧ’. ‘ಪರ’ ಬಂದದ್ದು ಆನಂದಪುರದ ಆಫ್ರೀನ್‌ಗೆ. “ಇದನ್ನ ನಾನು ಹೇಳಿದ್ರೆ ನಮ್ಮಪ್ಪನ ಅಂಗಡಿ ಉಳಿಯಲ್ಲ ಕಣೇ” ಎಂದು ಆ ಹುಡುಗಿ ಅತ್ತಳಂತೆ. “ನಾನು ಮಾತಾಡ್ತೀನಿ ಬಿಡೇ, ನಂಗ್ಯಾರು ಏನಂತಾರೆ?” ಎಂದು ಇವಳು ಸಹಿಯಾದ ಮೇಲೆ ಜಾಗ ಬದಲಾಯಿಸಿಕೊಂಡಳಂತೆ.

ಇದನ್ನು ಮೊಬೈಲಿನಲ್ಲಿ ಬರೆಯಲು ಧೈರ್ಯವಾಗಲಿಲ್ಲ. ಚೀಟಿಗಳನ್ನೂ ಈ ಕಾಗದವನ್ನೂ ಒಟ್ಟಿಗೆ ಸುಟ್ಟುಬಿಡಿ. ಯಾರಾದರೂ ಕೇಳಿದರೆ, ‘ಪರ’ ವಾದವನ್ನು ಮೇಧಾ ತಾನೇ ಆರಿಸಿಕೊಂಡಳು ಎನ್ನಿ. ಅದು ಸುಳ್ಳಲ್ಲ.

ಇಂತಿ,
ಮಂಗಳಗೌರಿ