ಗುಂಡಿ ತೋರಿಸಿದ ಕೈ

ಹೊಲಿಗೆ ಅಂಗಡಿಯಿಂದ,
ಸೋಮವಾರ, ಜುಲೈ ಎಂಟು

ಪ್ರೀತಿಯ ಯಜಮಾನರಿಗೆ,

(ಪ್ರೀತಿ ಇದೆ. ಸದ್ಯಕ್ಕೆ ಸಿಟ್ಟು ಅದಕ್ಕಿಂತ ಒಂದು ಕೈ ಮೇಲಿದೆ. ಆದರೂ ಕ್ರಮ ತಪ್ಪಬಾರದೆಂದು ಹಾಗೆ ಬರೆದೆ.)

ಭುಜದ ಮೂಳೆ ಹೇಗಿದೆ? ಕತ್ತಿಗೆ ಕಟ್ಟಿದ ಜೋಳಿಗೆಯನ್ನು ಬಿಚ್ಚಿಡಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಿರಲಿ. ಈಗಿರುವುದು ನಿಮ್ಮಕ್ಕನ ಮನೆಯಲ್ಲಿ, ಅವರು ಮೆತ್ತಗಿನವರು, ನೀವು "ತುರಿಸುತ್ತೆ ಕಣೇ" ಎಂದರೆ ಸಾಕು, ಬಿಚ್ಚಿ ಕೊಟ್ಟುಬಿಡುತ್ತಾರೆ. ತುರಿಸಬಾರದೆಂದೇ ಒಳಗಡೆ ಹಳೆಯ ಮೆತ್ತನೆ ಹತ್ತಿ ಬಟ್ಟೆ ಕೊಟ್ಟು ಹೊಲಿದಿದ್ದೇನೆ, ಸುಳ್ಳು ನೆಪ ಹೇಳಬೇಡಿ. ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳುತ್ತಿದ್ದೀರಾ? ತಲೆಸುತ್ತು ಪೂರ್ತಿ ಹೋಯಿತಾ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಇವತ್ತು ಬೆಳಿಗ್ಗೆ ಒಂದು ಯೂನಿಫಾರಂ ಅಂಗಿಗೆ ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಹೊಲಿದು, ಈಗ ಬಿಚ್ಚುತ್ತಾ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಎಲ್ಲ ನಿನ್ನೆಯ ಸಿಟ್ಟಿನ ಪ್ರಸಾದ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನೀವು "ಹೂಂ, ಹೂಂ, ಅಕ್ಕನ ಹತ್ರ ಮಾತಾಡು" ಎಂದು ಕೈ ದಾಟಿಸಿಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ಪೂರ್ತಿ ಓದಿ, ಕಣ್ಣು ಮುಚ್ಚಿಕೊಂಡು ಓದಿದೆ ಅನ್ನಬೇಡಿ.

ನೀವು ಬಿದ್ದ ಮೇಲೆ ನಿನ್ನೆ ಮೊದಲ ಸಲ ಭಾನುವಾರದ ಸೈಕಲ್ ಗುಂಪಿನ ಜೊತೆ ಹೋಗಿದ್ದೆ. ಮನೆಯಲ್ಲಿ ಕೂತರೆ ನಿಮ್ಮ ಸೈಕಲ್ಲಿನ ಬಾಗಿದ ಹ್ಯಾಂಡಲ್ ಕಣ್ಣಿಗೆ ಚುಚ್ಚುತ್ತದೆ, ಅದಕ್ಕೇ ಹೋದೆ. ಗುಂಪು ಕಟ್ಟಿದವರು ನೀವು, ನಿಯಮ ಮಾಡಿದವರೂ ನೀವು. ಗಾಳಿಯ ದಿನ ಮುಂದಿರುವವನು ಗಾಳಿ ಒಡೆದುಕೊಂಡು ಹೋಗಬೇಕು, ಹಿಂದಿನವರು ಅವನ ಮರೆಯಲ್ಲಿ ಉಸಿರು ಉಳಿಸಿಕೊಳ್ಳಬೇಕು, ಆಮೇಲೆ ಸರದಿಯ ಮೇಲೆ ಜಾಗ ಬದಲಾಗಬೇಕು. ಮುಗಿಸಿ ಬಂದು ಬೇಕರಿಯ ಉದ್ದ ಮೇಜಿಗೆ ಕೂತಾಗ ಪ್ರತಿಯೊಬ್ಬರೂ ತಮ್ಮ ಸವಾರಿಯ ಕಥೆ ಹೇಳಬೇಕು, ಮುಂದೆ ಹೋದವರು ಮೊದಲು. ಗಾಳಿಯ ದಿನ ಗುಂಡಿ ಕಂಡರೆ ಬಾಯಲ್ಲಿ ಕೂಗಬೇಕು, ಕೈ ತೆಗೆದು ತೋರಿಸಬಾರದು, ಎರಡೂ ಕೈ ಹ್ಯಾಂಡಲ್ ಮೇಲೇ ಇರಬೇಕು. ಎಷ್ಟು ಚಂದದ ನಿಯಮಗಳು! ಎಲ್ಲ ಗಾಳಿಗೆ ಹಾರಿಹೋಗಿವೆ.

ನಿನ್ನೆಯೂ ಗಾಳಿ ಜೋರಾಗಿತ್ತು. ನಾನು ಎಂದಿನಂತೆ ಕಡೆಯವಳಾಗಿ ಬೇಕರಿ ಸೇರಿದಾಗ ಕಥೆಗಳ ಸಂತೆ ಶುರುವಾಗಿತ್ತು. ಹಲ್ಲಿನ ಡಾಕ್ಟರು ಎದ್ದು ನಿಂತು, ಕೈಯಲ್ಲಿ ಬನ್ನು ಹಿಡಿದು, ಸೊಂಟ ಓರೆ ಮಾಡಿ ತೋರಿಸುತ್ತಿದ್ದರು: "ಗಾಳಿ ಹೀಗೆ ಬಂತು, ನಾನು ಹೀಗೆ ವಾಲಿದೆ. ಗೋಡೆಗೆ ಒರಗ್ತೀವಲ್ಲ, ಹಾಗೆ ಗಾಳಿಗೇ ಒರಗಿಕೊಂಡು ಹೋದೆ ಅನ್ನಿ!" ಲೆಕ್ಕದ ಮೇಷ್ಟ್ರು ಗಾಳಿಯ ವೇಗ ಹೇಳುತ್ತಿದ್ದರು. ಮೊದಲ ಚಹಾದ ಹೊತ್ತಿಗೆ ಗಂಟೆಗೆ ನಲವತ್ತು ಕಿಲೋಮೀಟರ್ ಇದ್ದದ್ದು ಎರಡನೇ ಚಹಾಕ್ಕೆ ಅರವತ್ತಾಯಿತು. ಮೂರನೆಯದು ಕೊಟ್ಟಿದ್ದರೆ ಬೇಕರಿಯ ತಗಡೇ ಹಾರುತ್ತಿತ್ತು. ಅಂಗಡಿಯನ್ನು ಹುಡುಗನಿಗೆ ಬಿಟ್ಟು ನಮ್ಮ ಜೊತೆ ಸೈಕಲ್ ತುಳಿಯುವ ಬೇಕರಿಯಪ್ಪನ ಟೋಪಿ ಹಾರಿಹೋಗಿ ಹಸುವಿನ ಕೊಂಬಿಗೆ ಸಿಕ್ಕಿಕೊಂಡಿತಂತೆ, ಹಸುವಿಗೇ ಚೆನ್ನಾಗಿ ಒಪ್ಪಿತಂತೆ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಗಾಳಿಯ ಕಥೆಗೆ ಒಂದಿಷ್ಟು ಗಾಳಿ ಸೇರಿದರೆ ಯಾರ ಗಂಟೂ ಹೋಗುವುದಿಲ್ಲ.

ಆಮೇಲೆ ಗುಂಪಿಗೆ ಹೊಸದಾಗಿ ಸೇರಿದ ನರ್ಸ್ ಕೇಳಿದಳು, "ಆವತ್ತು ಕಾಲುವೆ ರಸ್ತೇಲಿ ಯಾರೋ ಬಿದ್ರಂತಲ್ಲ, ಏನಾಯ್ತು?" ನಾನು ಅಲ್ಲೇ ಕೂತಿದ್ದೇನೆ, ನಿಮ್ಮ ಹೆಂಡತಿ. ನನ್ನ ಕಡೆ ತಿರುಗಿಯೂ ನೋಡದೆ ಡಾಕ್ಟರು ಶುರು ಮಾಡಿದರು. "ಪಾಪ, ವಯಸ್ಸಾಯ್ತಲ್ಲ ಅವರಿಗೆ. ಗಾಳಿ ಬಂದ ಕೂಡ್ಲೇ ಕೈ ನಡುಗ್ತು, ಸೈಕಲ್ ವಾಲಾಡ್ತು, ಮಧ್ಯ ರಸ್ತೇಲಿ ಧೊಪ್ಪಂತ ಬಿದ್ರು. ಪಕ್ಕದಲ್ಲೇ ಇಷ್ಟು ದೊಡ್ಡ ಗುಂಡಿ! ನಾನು ಹೇಗೆ ತಪ್ಪಿಸಿದೆ ಅಂತ ನನಗೇ ಗೊತ್ತಿಲ್ಲ." ಮೇಷ್ಟ್ರು ತಲೆಯಾಡಿಸಿ, "ನಾನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಅವರ ವಯಸ್ಸಿಗೆ ಮುಂದೆ ಹೋಗೋ ಹಟ ಯಾಕೆ ಬೇಕಿತ್ತು?" ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇಲ್ಲಿ ಬಿದ್ದವರು ನೀವು, ಮೀಸೆ ತಿರುವುವವರು ಇವರು.

ನನ್ನ ಮೈಯೆಲ್ಲ ಉರಿದುಹೋಯಿತು. ಮುಂದೆ ಹೋಗುವ ಹಟವಂತೆ! ಆವತ್ತು ಮೇಷ್ಟ್ರ ಸರದಿ ಬಂದಾಗ ಅವರ ಬೂಟಿನ ಲಾಡಿ ಬಿಚ್ಚಿಕೊಂಡಿತು. ಡಾಕ್ಟರ ಸರದಿ ಬಂದಾಗ ಅವರಿಗೆ ಫೋನ್ ಬಂತು, ಭಾನುವಾರ ಬೆಳಿಗ್ಗೆ ಯಾರ ಹಲ್ಲು ಹಾಗೆ ನೋಯುತ್ತಿತ್ತೋ ದೇವರೇ ಬಲ್ಲ. ನಾನು "ಈಗ ನಾನು ಮುಂದೆ ಹೋಗ್ತೀನಿ" ಎಂದರೆ "ನೀನು ಸುಮ್ನೆ ಹಿಂದೆ ಬಾ" ಎಂದು ಗದರಿದಿರಿ. ಹಾಗಾಗಿ ಹೋಗುವಾಗಲೂ ಬರುವಾಗಲೂ ಇವರೆಲ್ಲರ ಪಾಲಿನ ಗಾಳಿಯನ್ನು ಎದೆಗೆ ತೆಗೆದುಕೊಂಡವರು ನೀವೊಬ್ಬರೇ.

ನಿಮಗೆ ನೆನಪಿಲ್ಲ. ಕಾಲುವೆಯ ತೂಬಿನಿಂದ ಆಸ್ಪತ್ರೆಯ ಮಂಚದವರೆಗೆ ಏನೂ ನೆನಪಿಲ್ಲ ಎಂದು ನೀವೇ ಹೇಳಿದ್ದೀರಿ, ತಲೆಗೆ ಬಿದ್ದ ಪೆಟ್ಟು ಅಂಥದ್ದು. ಹಾಗಾದರೆ ನಾನು ಹೇಳುತ್ತೇನೆ, ಕೇಳಿ. ತೂಬು ದಾಟಿದ ಮೇಲೆ ರಸ್ತೆ ತಿರುಗುತ್ತದೆ, ಮರಗಳು ಮುಗಿದು ಬಯಲು ಶುರುವಾಗುತ್ತದೆ. ನಮ್ಮ ಸಾಲು ಬಿಲ್ಲಿನ ಹಾಗೆ ಬಾಗಿತ್ತು, ನಾನು ಎಲ್ಲರಿಗಿಂತ ಹಿಂದಿದ್ದರೂ ನೀವು ನನಗೆ ಪೂರ್ತಿ ಕಾಣುತ್ತಿದ್ದಿರಿ. ಎಡಗಡೆಯ ಬಯಲಿನಿಂದ ಅಡ್ಡಗಾಳಿ ಹೊಡೆಯುತ್ತಿತ್ತು. ಎಡಕ್ಕೆ ಗುಂಡಿ ಇತ್ತು. ನೀವು ಕತ್ತು ತಿರುಗಿಸಿ ಕೂಗಿದಿರಿ. ನಿಮ್ಮ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಿಸಲಿಲ್ಲ. ಪ್ರೆಸ್ಸಿನ ಮಷೀನುಗಳ ನಡುವೆ ಜೀವಮಾನವೆಲ್ಲ ಕೂಗಿ ಪಳಗಿದ ಗಂಟಲು ನಿಮ್ಮದು, ಆ ಗಂಟಲನ್ನೂ ಗಾಳಿ ನುಂಗಿತು. ಇನ್ನೊಂದು ಸಲ ಕೂಗಿದಿರಿ. ನಿಮ್ಮ ಬೆನ್ನಿಗೇ ಅಂಟಿಕೊಂಡು ಬರುತ್ತಿದ್ದ ಡಾಕ್ಟರು ತಲೆ ತಗ್ಗಿಸಿಕೊಂಡು ತುಳಿಯುತ್ತಲೇ ಇದ್ದರು. ಆಗ ನೀವು ಎಡಗೈ ತೆಗೆದು ಗುಂಡಿಯ ಕಡೆ ಚಾಚಿದಿರಿ. ಎಲ್ಲರೂ ಬಲಕ್ಕೆ ಹೊರಳಿದರು. ನಿಮ್ಮ ಆ ಕೈ ಹ್ಯಾಂಡಲಿಗೆ ವಾಪಸು ಬರುವ ಮೊದಲೇ ಗಾಳಿ ಬಂದು ಬಡಿಯಿತು, ಒಂದೇ ಕೈಯಲ್ಲಿ ಸೈಕಲ್ ನಿಲ್ಲಲಿಲ್ಲ. ಬಲ ಭುಜದ ಮೇಲೆ ಬಿದ್ದಿರಿ.

ನಡುಗಿದ ಕೈ ಅಲ್ಲ ರೀ ಅದು. ಗುಂಡಿ ತೋರಿಸಿದ ಕೈ. ನೀವು ಬಾಯಿ ಮುಚ್ಚಿಕೊಂಡು, ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, ಅವರವರ ಹಣೆಬರಹ ಎಂದು ಹೋಗಿದ್ದರೆ ಆವತ್ತು ಬೀಳುತ್ತಿದ್ದವರು ಅವರು. ಡಾಕ್ಟರ ಹಲ್ಲನ್ನು ಬೇರೆ ಡಾಕ್ಟರು ಕಟ್ಟಬೇಕಾಗುತ್ತಿತ್ತು.

ಇದನ್ನೆಲ್ಲ ನಿನ್ನೆ ಮೇಜಿನ ಮುಂದೆ ಹೇಳಿದೆ. ಕೂತು ಹೇಳಲಿಲ್ಲ, ನಿಂತು ಹೇಳಿದೆ, ಬೀದಿಯಲ್ಲಿ ಹೋಗುವವರೂ ಕೇಳಿರಬೇಕು. ಡಾಕ್ಟರು ತಣ್ಣಗೆ, "ನೀವು ಅಷ್ಟು ಹಿಂದೆ ಇದ್ರಿ, ನಿಮಗೇನು ಕಾಣ್ತು?" ಎಂದರು. "ಹಿಂದೆ ಇದ್ದಿದ್ದಕ್ಕೇ ಎಲ್ಲರೂ ಕಂಡ್ರು" ಎಂದೆ. ಮೇಷ್ಟ್ರು ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದರು. ಬೇಕರಿಯಪ್ಪ ಮೇಜು ಒರೆಸುತ್ತಾ, ತಲೆ ಎತ್ತದೆ, "ನಾನು ಕೈ ನೋಡ್ದೆ ಅಕ್ಕಾ. ಆ ಕೈ ನೋಡೇ ತಿರುಗಿಸಿದ್ದು" ಎಂದ. ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ, "ಅವರಿಬ್ರೂ ಆಗಲೇ ಹೇಳಿಬಿಟ್ಟಿದ್ರಲ್ಲ, ಆಮೇಲೆ ನಾನು ಬೇರೆ ಥರ ಹೇಳೋದು ಹೇಗೆ ಅಂತ..." ಎಂದು ರಾಗ ಎಳೆದ. ನೋಡಿ, ಇಂಥ ಒಳ್ಳೆಯವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಗೆದ್ದೆ ಅಂದುಕೊಂಡೆ. ಆಗ ಡಾಕ್ಟರು ಫೋನ್ ತೆಗೆದು ನನ್ನ ಮುಂದೆ ಹಿಡಿದರು. ನೀವು ಕಳಿಸಿದ ಮೆಸೇಜು. "ನನ್ನಿಂದ ಎಲ್ಲರಿಗೂ ತೊಂದರೆಯಾಯಿತು. ವಯಸ್ಸು ಮರೆತು ಮುಂದೆ ಹೋದದ್ದು ತಪ್ಪು. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಇನ್ನು ನಾನು ಬರುವುದಿಲ್ಲ." ಅವರು ಜೋರಾಗಿ ಓದಿದರು, ನರ್ಸಿಗೂ ಕೇಳುವ ಹಾಗೆ. "ಅವರೇ ಒಪ್ಪಿಕೊಂಡಿದ್ದಾರಲ್ಲ ಮೇಡಂ" ಎಂದರು. ನನ್ನ ಬಾಯಿ ಕಟ್ಟಿಹೋಯಿತು. ಅವರು ಕಟ್ಟಿದ್ದಲ್ಲ, ನೀವು ಕಟ್ಟಿದಿರಿ.

ಯಾರು ಕೇಳಿದ್ದರು ರೀ ನಿಮ್ಮನ್ನು ಕ್ಷಮೆ? ಬಲಗೈ ಜೋಳಿಗೆಯಲ್ಲಿಟ್ಟುಕೊಂಡು, ಎಡಗೈ ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಒತ್ತಿ ಇದನ್ನು ಬರೆದಿರಾ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು ನಿಮ್ಮ ಕಥೆ. ನಿಮಗೆ ನೆನಪಿಲ್ಲದ ಜಾಗದಲ್ಲಿ ಅವರು ಆಸ್ಪತ್ರೆಗೆ ನೋಡಲು ಬಂದಾಗ ತಮ್ಮ ಕಥೆ ತಂದು ತುರುಕಿದರು, ನೀವು ಅದನ್ನೇ ನಿಮ್ಮದೆಂದು ತಲೆಗೆ ಹಾಕಿಕೊಂಡಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಇಷ್ಟು ವರ್ಷ ನಿಮ್ಮ ಬೆನ್ನು ನೋಡಿಕೊಂಡೇ ಸೈಕಲ್ ತುಳಿದವಳು ನಾನು, ಆ ಬೆನ್ನು ಎಲ್ಲಿ ಬಾಗುತ್ತದೆ, ಎಲ್ಲಿ ಸೆಟೆಯುತ್ತದೆ ಎಂದು ನನಗಿಂತ ಯಾರಿಗೆ ಗೊತ್ತು? ಆಸ್ಪತ್ರೆಯಲ್ಲಿ ನಾನೇ ಹೇಳಬೇಕೆಂದಿದ್ದೆ. ನೀವು "ಆ ವಿಷಯ ಎತ್ತಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದಿರಿ.

ಇನ್ನೊಂದು. ಸೈಕಲ್ ಮಾರಿಬಿಡು ಎಂದು ಬೇಕರಿಯಪ್ಪನಿಗೆ ಹೇಳಿದ್ದೀರಂತೆ. ಶನಿವಾರ ಒಬ್ಬ ಅದನ್ನು ನೋಡಲು ಬಂದಿದ್ದ. ಬಂದವನು ಬೆಲ್ ಬಾರಿಸಿ, ಸೀಟ್ ತಟ್ಟಿ, "ಯಜಮಾನರು ಇನ್ನು ತುಳಿಯಲ್ವಂತೆ" ಎಂದ. ಕೈಯಲ್ಲಿ ಕತ್ತರಿ ಇತ್ತು, ಪುಣ್ಯಕ್ಕೆ ಮೇಜಿನ ಮೇಲಿಟ್ಟೆ. ಮಾರುವುದಕ್ಕಿಲ್ಲ ಎಂದು ಹೇಳಿ ಕಳಿಸಿದೆ. ಹ್ಯಾಂಡಲನ್ನು ರಿಪೇರಿಯವನ ಹತ್ತಿರ ನೆಟ್ಟಗೆ ಮಾಡಿಸುತ್ತೇನೆ.

ಸದ್ಯಕ್ಕೆ ಇಷ್ಟು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಂಡಿನೋವಿಗೆ ಬಿಸಿನೀರಿನ ಚೀಲ ಕಳಿಸಿದ್ದೇನೆ, ಅದನ್ನು ನೀವು ಎತ್ತಿಟ್ಟುಕೊಳ್ಳಬೇಡಿ. ಮಾತ್ರೆ ಮರೆಯಬೇಡಿ. ಬೈದದ್ದಕ್ಕೆ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಿ, ಊಟ ಮಾತ್ರ ಬಿಡಬೇಡಿ.

ಸಿಟ್ಟಿನಿಂದಲೂ ಅದರ ಕೆಳಗೆ ಏನಿದೆಯೋ ಅದರಿಂದಲೂ,
ನಿಮ್ಮ ಹಿಂದಿನ ಸೈಕಲ್ಲಿನವಳು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಷ್ಟು ಹಾಳೆ ತುಂಬಿಸಿದೆ. ಟಪಾಲಿಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಹೇಳಬೇಡ ಎಂದೇ ಅಕ್ಕ ನನಗೆ ಹೇಳಿದರು. ಗಾಳಿ ಬೀಸಿದರೆ ನೀವು ಅಂಗಳಕ್ಕೂ ಇಳಿಯುವುದಿಲ್ಲವಂತೆ. ಸೆಖೆಯಲ್ಲೂ ಕಿಟಕಿ ಮುಚ್ಚಿ ಕೂರುತ್ತೀರಂತೆ. ಪರದೆ ಪಟಪಟ ಎಂದರೆ ಮಂಚದ ಅಂಚು ಹಿಡಿಯುತ್ತೀರಂತೆ. ಅವರ ಮೇಲೆ ರೇಗಬೇಡಿ. ನಾನೂ ಒಂದು ಹೇಳುತ್ತೇನೆ, ಬೇಕರಿಯಲ್ಲಿ ಹೇಳದೇ ಉಳಿಸಿಕೊಂಡದ್ದು. ನಿನ್ನೆ ಕಾಲುವೆಯ ತೂಬು ದಾಟಿದ ಮೇಲೆ ನನಗೆ ತುಳಿಯಲು ಆಗಲಿಲ್ಲ. ಎಲ್ಲರೂ ಮುಂದೆ ಹೋಗಲಿ ಎಂದು ಕಾದು, ಸೈಕಲ್ ಇಳಿದು, ಆ ಬಯಲು ಮುಗಿಯುವವರೆಗೂ ತಳ್ಳಿಕೊಂಡೇ ಹೋದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದೆ, ಅತ್ತೆ. ಭುಜ ಕೂಡಿಕೊಳ್ಳಲಿ, ಅಲ್ಲಿ ಇಬ್ಬರೂ ತಳ್ಳಿಕೊಂಡೇ ಹೋಗೋಣ, ನೋಡಿದವರು ಏನು ಬೇಕಾದರೂ ಹೇಳಿಕೊಳ್ಳಲಿ. ನನಗೊಬ್ಬಳಿಗೇ ಆಗುವುದಿಲ್ಲ ರೀ. ಈಗ ಎದ್ದು ಆ ಕಿಟಕಿ ತೆಗೆಯಿರಿ.