ಕಿರಕಸಾಲಿಯ ಫಲಕ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು.

ಕುಂದಗೋಳದ ಹೊರಗೆ ಹೊಸದಾಗಿ ಮಾಡುತ್ತಿರುವ ಸಸ್ಯತೋಟದಲ್ಲಿ ನನಗೆ ಕಳೆ-ಕಸ ತೆಗೆಯುವ ಕೆಲಸ ಸಿಕ್ಕಿದೆ. ನಮ್ಮ ಸಾಹೇಬರು ಲಂಡನ್ನಿನ ಕ್ಯೂ ತೋಟ, ಸಿಂಗಪುರದ ತೋಟ ಎಲ್ಲ ನೋಡಿ ಬಂದವರು. ಅಲ್ಲಿ ದೇಶದೇಶದ ಗಿಡಗಳನ್ನು ತಂದು, ಹೆಸರು ಬರೆದು ನಿಲ್ಲಿಸಿದ್ದಾರಂತೆ. ನಮ್ಮ ತೋಟದಲ್ಲೂ ಈ ಸೀಮೆಯ ಗಿಡಕ್ಕೆಲ್ಲ ಫಲಕ ಹಾಕಬೇಕೆಂದು ಅವರಿಗೆ ಆಸೆ.

ಇವತ್ತು ಕಾಲೇಜಿನ ಹುಡುಗರನ್ನು ಕರೆದುಕೊಂಡು ಬಂದವರು, ನನ್ನ ಮುಂದೆ ದಟ್ಟಗೆ ಬೆಳೆದಿದ್ದ ಕಿರಕಸಾಲಿ ಸೊಪ್ಪು ನೋಡಿ ನಿಂತರು.

“ನಿಮ್ಮ ಕಡೆ ಇದಕ್ಕ ಏನಂತಾರವಾ? ಯಾರರೆ ತಿಂತಾರೇನು?”

“ದನಾ ತಿಂತಾವ ನೋಡ್ರಿ ಸರ್,” ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

ನನ್ನ ಮುಖ ಬಿಸಿಯಾಯಿತು. “ಗೊತ್ತಿಲ್ಲರಿ. ಕಸಾ ಅದು,” ಎಂದೆ.

“ಹಂಗಾರ ಕಿತ್ತಬಿಡು,” ಎಂದರು ಸಾಹೇಬರು.

ಕಿತ್ತೆ. ಬೇರು ಗಟ್ಟಿ ಇತ್ತು, ಎರಡೂ ಕೈ ಹಾಕಬೇಕಾಯಿತು.

ಕಂಡವರ ಹೊಲದಲ್ಲಿ ಕಳೆ ತೆಗೆದು, ಉಡಿ ತುಂಬ ಇದನ್ನೇ ತಂದು ನನ್ನ ಬೆಳೆಸಿದಿ. ಬ್ಯಾಳಿ ಇಲ್ಲದ ದಿನ ಬರೀ ಬಳ್ಳೊಳ್ಳಿ ಹಾಕಿ ಬಾಡಿಸಿ, “ತಿನ್ನಬೇ ಯವ್ವಾ, ಕಸುವು ಬರತೈತಿ” ಅನ್ನುತ್ತಿದ್ದಿ. ಇವತ್ತು ನಾನು ಅಷ್ಟು ಹೇಳಿದ್ದರೂ ಸಾಕಿತ್ತು, ಸಾಹೇಬರು ಬರೆದುಕೊಳ್ಳುತ್ತಿದ್ದರು.

ಎಸೆಯಲು ಮನಸ್ಸಾಗಲಿಲ್ಲ. ಬುತ್ತಿ ಚೀಲದಲ್ಲಿ ಮುಚ್ಚಿ ತಂದು, ನೀನು ಮಾಡುತ್ತಿದ್ದ ಹಾಗೇ ಪಲ್ಲೆ ಮಾಡಿದ್ದೇನೆ. ತಾಟು ಮುಂದಿದೆ. ಇನ್ನೂ ರೊಟ್ಟಿ ಮುರಿದಿಲ್ಲ.

ನಿನ್ನ ದುರ್ಗಾ